ಹಲಗೆ ಬಳಿದ ಕೈ

ಹರಿಯಬ್ಬೆ
18-6-1974

ಅಕ್ಕ,

ಕಾಗದದ ತಲೆಯಲ್ಲಿ 'ಕ್ಷೇಮ' ಎಂದು ಬರೆಯುವುದನ್ನು ಬಿಟ್ಟಿದ್ದೇನೆ. ಬಾವಿ ಬತ್ತಿ, ಗುಡ್ಡ ಬೋಳಾಗಿ, ಮಕ್ಕಳು ಬಿಸಿಲಿನಲ್ಲಿ ಕೂತು ಅಕ್ಷರ ತಿದ್ದುತ್ತಿರುವಾಗ ಯಾರ ಕ್ಷೇಮವನ್ನು ಬರೆಯಲಿ? ಹಾಗೆಂದು ಹೆದರಬೇಡ. ನನಗೆ ಜ್ವರ ಬಂದಿಲ್ಲ. ಎರಡು ಹೊತ್ತು ಉಣ್ಣುತ್ತಿದ್ದೇನೆ.

ಯುಗಾದಿಗೆ ಬಂದವಳು ಮರುದಿನ ಬೆಳಗಿನ ಬಸ್ಸಿಗೇ ಹೊರಟುಬಂದೆ. ಆಮೇಲೆ ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಆ ಉಗುರುಬಣ್ಣದ ಶೀಶೆಯನ್ನು ತಿಪ್ಪೆಗೆ ಎಸೆದದ್ದಕ್ಕೆ ಈಗಲೂ ಕ್ಷಮೆ ಕೇಳುವುದಿಲ್ಲ. ಅವ್ವ ತೀರಿದ ಮೇಲೆ ಅಡಿಕೆ ಸುಲಿದು ನನ್ನನ್ನು ಟೀಚರ್ ಟ್ರೈನಿಂಗ್ ಓದಿಸಿದ ಅಕ್ಕ ನೀನು. ಅಂಥವಳು ಬಟ್ಟಲಲ್ಲಿ ಬಿಸಿನೀರು ಇಟ್ಟುಕೊಂಡು, ನಿಂಬೆಹೋಳಿನಿಂದ ಒಂದೊಂದೇ ಬೆರಳು ಉಜ್ಜುತ್ತ, ಕಡ್ಡಿಯಿಂದ ಉಗುರಿನ ಬುಡ ಒತ್ತುತ್ತ, ಇಡೀ ಮಧ್ಯಾಹ್ನ ಕೂತದ್ದನ್ನು ಕಂಡು ನನಗೆ ನಾಚಿಕೆಯಾಯಿತು. ದುಡಿಯುವ ಕೈಗೆ ಪೇಟೆಯ ಬಣ್ಣ ಏಕೆ? "ಯಾರಿಗೆ ತೋರಿಸೋಕೆ?" ಎಂದು ಕೇಳಿದೆ. ನೀನು ಉತ್ತರ ಕೊಡಲಿಲ್ಲ. ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಆ ಮೌನವನ್ನು ನಾನು ಒಪ್ಪಿಗೆ ಎಂದೇ ತಿಳಿದಿದ್ದೇನೆ.

ಇರಲಿ. ಇಲ್ಲಿನ ಶಾಲೆ ಎಂದರೆ ಎರಡು ಕೋಣೆ, ಒಂದು ಜಗುಲಿ, ಮುಂದೆ ಒಂದೂ ಮರವಿಲ್ಲದ ಬಯಲು. ದೊಡ್ಡ ಮೇಷ್ಟ್ರು ಗೋವಿಂದಯ್ಯನವರು ಒಳ್ಳೆಯವರು, ಆದರೆ ದಣಿದವರು. ಗಾಳಿ ತಂದ ಎಲೆಯನ್ನೂ ಮಕ್ಕಳು ಉಪ್ಪಿಟ್ಟು ತಿಂದ ಮುತ್ತುಗದ ಎಲೆಗಳನ್ನೂ ದಿನಾ ಸಂಜೆ ಗುಡ್ಡೆ ಹಾಕಿ ಸುಡಿಸುತ್ತಾರೆ. ಮಣ್ಣಿಗೆ ಸೇರಬೇಕಾದದ್ದು ಮಕ್ಕಳ ಎದೆಗೆ ಸೇರುತ್ತಿದೆ. ಹಿರಿಯೂರಿನ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಅರಣ್ಯ ಇಲಾಖೆಯ ಮೆಟ್ಟಿಲ ಮೇಲೆ ಸಿಕ್ಕಿದ ಕರಪತ್ರಗಳನ್ನೆಲ್ಲ ಓದಿ ಹನ್ನೆರಡು ಪುಟದ ಯೋಜನೆ ಬರೆದಿದ್ದೇನೆ. ಮೂವತ್ತು ಗಿಡ. ಸುಡುವ ಬದಲು ಗೊಬ್ಬರದ ಗುಂಡಿ. ಅಂಗಡಿಯಿಂದ ತರುವುದನ್ನು ಕಡಿಮೆ ಮಾಡಿ, ಊರಲ್ಲಿ ಬೆಳೆಯುವುದರಲ್ಲೇ ಶಾಲೆ ನಡೆಸುವುದು. ಜೊತೆಗೆ ಶುಚಿತ್ವ: ಸೋಮವಾರ ಪ್ರಾರ್ಥನೆಯ ಸಾಲಿನಲ್ಲಿ ಉಗುರು ತಪಾಸಣೆ. ಅದು ಮೊದಲಿಂದಲೂ ಇತ್ತು, ಯಾರೂ ನೋಡುತ್ತಿರಲಿಲ್ಲ. ಈಗ ನಾನು ನೋಡುತ್ತೇನೆ.

ಯೋಜನೆ ಓದಿ ಗೋವಿಂದಯ್ಯನವರು ಹೇಳಿದ್ದು ಇಷ್ಟು: "ನೆಡ್ರಿ ತಾಯಿ, ಬ್ಯಾಡ ಅನ್ನಲ್ಲ. ಇಪ್ಪತ್ತು ವರ್ಷದಿಂದ ವನಮಹೋತ್ಸವಕ್ಕೆ ಒಂದೇ ಗುಂಡೀಲಿ ವರ್ಷಾ ಒಂದೊಂದು ಗಿಡ ನೆಡ್ತಾ ಬಂದೀನಿ. ಗುಂಡಿ ಚೆನ್ನಾಗಿ ಬೆಳದೈತೆ."

ನಾನು ನಗಲಿಲ್ಲ.

ನಿನ್ನ ತಂಗಿ,
ಏಕಾಂತಮ್ಮ


ಹೊಳಲ್ಕೆರೆ
5-7-1974

ಏಕಾಂತಿಗೆ ಅಕ್ಕನ ಆಶೀರ್ವಾದ.

ಕಾಗದ ಬಂತು. ಇಲ್ಲಿ ಮಳೆ ಎರಡು ಸಲ ಹನಿಸಿ ಹೋಯಿತು. ಗಿಡ ನೆಡುವುದು ಒಳ್ಳೆಯದೇ. ಬಾವಿ ಬತ್ತಿದೆ ಅಂತ ನೀನೇ ಬರೆದಿದ್ದೀಯ. ಹಾಗಾದರೆ ಗಿಡಕ್ಕೆ ನೀರು ಯಾರು ಹೊರುತ್ತಾರೆ?

ಮಜ್ಜಿಗೆ ಸಿಕ್ಕರೆ ಕುಡಿ. ನಿನ್ನದು ಉಷ್ಣದ ಮೈ.

ಈರಕ್ಕ


ಹರಿಯಬ್ಬೆ
9-8-1974

ಅಕ್ಕ,

ಹನ್ನೆರಡು ಪುಟ ಬರೆದರೂ ನೀರಿನ ಬಗ್ಗೆ ನಾನು ಒಂದು ಸಾಲೂ ಬರೆದಿರಲಿಲ್ಲ. ನಿನ್ನ ಕಾರ್ಡು ಓದಿ ಎರಡು ದಿನ ಕೋಪವಿತ್ತು. ಮೂರನೆಯ ದಿನ ಉತ್ತರ ಸಿಕ್ಕಿತು. ಉಪ್ಪಿಟ್ಟು ತಿಂದ ಮೇಲೆ ಎಪ್ಪತ್ತು ಮಕ್ಕಳು ಮನೆಯಿಂದ ತಂದ ನೀರಿನಲ್ಲಿ ಕೈ ತೊಳೆಯುತ್ತಾರೆ. ಆ ನೀರು ಬಾಗಿಲ ಮುಂದೆ ಕೆಸರಾಗಿ ನೊಣ ಕೂರುತ್ತಿತ್ತು. ಈಗ ಒಂದು ಕಾಲುವೆ ತೋಡಿ, ಅದರ ದಂಡೆಯಲ್ಲೇ ಎಲ್ಲರೂ ಕೂತು ಕೈ ತೊಳೆಯುವ ಹಾಗೆ ಮಾಡಿದ್ದೇನೆ. ನೀರು ನೇರವಾಗಿ ಗಿಡದ ಬುಡಕ್ಕೆ. ಸಾಬೂನು ಬೇಡ, ಸೀಗೆಪುಡಿ.

ನೇರವಾಗಿ ಎಂದೆ. ಮೊದಲ ದಿನ ನೀರೆಲ್ಲ ಕೊನೆಯ ಗಿಡಕ್ಕೇ ಓಡಿತು. ನಾಲ್ಕನೆಯ ತರಗತಿಯ ತಿಪ್ಪಮ್ಮ ಎಂಬ ಹುಡುಗಿ ಯಾರನ್ನೂ ಕೇಳದೆ ಕಾಲುವೆಯ ನಡುನಡುವೆ ಕಲ್ಲು ಇಟ್ಟಳು. ನೀರು ನಿಂತು ನಿಂತು ನಡೆಯಿತು. ಮಾತು ಕಡಿಮೆ, ಕೈ ಚುರುಕು. ಯಾವ ಗಿಡಕ್ಕೆ ಹುಳ ಬಿದ್ದಿದೆ ಎಂದು ನನಗಿಂತ ಮೊದಲು ಅವಳಿಗೆ ಗೊತ್ತು.

ಅವಳ ಅಪ್ಪನೇ ನನ್ನ ಶತ್ರು. ಗುಡ್ಡಪ್ಪ ಎಂದು, ಕುರಿ ಸಾಕುವವರು. ಕಳೆದ ವಾರ ಅವರ ಕುರಿ ಆಡು ನುಗ್ಗಿ ಹನ್ನೊಂದು ಗಿಡ ತಿಂದವು. ಹಟ್ಟಿಗೇ ಹೋಗಿ ಕೇಳಿದೆ.

"ಕುರಿಗೆ ಓದಾಕೆ ಬರಲ್ಲ ಟೀಚರಮ್ಮ," ಎಂದರು. "ಶಾಲೆ ಗಿಡ ಅಂತ ಬೋರ್ಡ್ ಹಾಕಿದ್ರೂ ತಿಂತಾವೆ. ಏನು ನೆಟ್ಟಿದ್ರಿ?"

"ಹುಣಸೆ, ಬಸರಿ."

"ಅಂದ್ರೆ ಔತಣ ಕೊಟ್ಟೀರಿ. ಹೊಂಗೆ ಹಾಕಿದ್ರೆ ಮೂಸಿನೂ ನೋಡ್ತಿರ್ಲಿಲ್ಲ. ನಿಮ್ ಹಾಳೇನಾಗೆ ಅದನ್ನ ಬರ್ದಿಲ್ವಾ?"

ಸುತ್ತ ನಿಂತವರು ನಕ್ಕರು. ಪಂಚಾಯ್ತಿಗೆ ದೂರು ಕೊಡುತ್ತೇನೆ ಎಂದೆ. ಅವರ ನಗು ನಿಂತಿತು. "ಕೊಡ್ರಿ," ಎಂದು ಬೆನ್ನು ತಿರುಗಿಸಿದರು. ತಿಪ್ಪಮ್ಮ ಗುಡಿಸಲ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು.

ದೂರು ಕೊಡಲಿಲ್ಲ. ಶಾಲೆಯ ಸುತ್ತ ಕತ್ತಾಳೆ ನೆಡಿಸುತ್ತಿದ್ದೇನೆ.

ಏಕಾಂತಮ್ಮ


ಹರಿಯಬ್ಬೆ
24-9-1974

ಅಕ್ಕ,

ಆ ಕಾಗದಕ್ಕೆ ನಿನ್ನ ಉತ್ತರ ಬರಲಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಿನ್ನೆ ನನ್ನ ಯೋಜನೆ ಗೆದ್ದಿತು.

ನಮ್ಮ ಕರಿಹಲಗೆ ಬೂದಿಯ ಬಣ್ಣಕ್ಕೆ ತಿರುಗಿ ಮೂರು ವರ್ಷವಾಗಿತ್ತು. ಬಣ್ಣದ ಡಬ್ಬಿ ಕಳಿಸಿ ಎಂದು ಗೋವಿಂದಯ್ಯನವರು ವರ್ಷಕ್ಕೊಂದು ಅರ್ಜಿ ಬರೆಯುತ್ತಾರೆ. ಶುಕ್ರವಾರ ನಾನು ತರಗತಿಯಲ್ಲಿ ಹೇಳಿದೆ: ಇದ್ದಿಲನ್ನು ನುಣ್ಣಗೆ ಅರೆದು, ತೊಂಡೆಸೊಪ್ಪಿನ ರಸದಲ್ಲಿ ಕಲಸಿ ಬಳಿದರೆ ಯಾವ ಡಬ್ಬಿಯೂ ಬೇಡ, ನಮ್ಮ ಹಿತ್ತಲು ನಮಗೆ ಸಾಕು. ಹೇಳಿ ಮರೆತೆ. ಸೋಮವಾರ ಬಂದು ನೋಡಿದರೆ ಹಲಗೆ ಕಾಗೆಯ ರೆಕ್ಕೆಯಂತೆ ಮಿರುಗುತ್ತಿದೆ! ಸುಣ್ಣದ ಕಡ್ಡಿ ಇಟ್ಟರೆ ಅಕ್ಷರ ಎದ್ದು ಬರುತ್ತದೆ. ಮೊದಲ ಸಾಲು ನಾನೇ ಬರೆದೆ: 'ಉಗುರು ಶುಚಿ, ಊರು ಶುಚಿ.'

ಅದೇ ಬೆಳಿಗ್ಗೆ ಒಂದು ಕಠಿಣ ಕೆಲಸವನ್ನೂ ಮಾಡಬೇಕಾಯಿತು. ತಪಾಸಣೆಯ ಸಾಲಿನಲ್ಲಿ ತಿಪ್ಪಮ್ಮ ಕೈ ಮಡಚಿಕೊಂಡು ನಿಂತಿದ್ದಳು. ಬಿಡಿಸಿ ನೋಡಿದರೆ ಹತ್ತೂ ಉಗುರು ಕಪ್ಪು. ಮೆಚ್ಚಿನ ಹುಡುಗಿ ಎಂದು ಬಿಟ್ಟರೆ ಉಳಿದವರಿಗೆ ಯಾವ ಮುಖದಿಂದ ಹೇಳಲಿ? ಅಡಿಪಟ್ಟಿಯಿಂದ ಗೆಣ್ಣಿನ ಮೇಲೆ ಎರಡು ಕೊಟ್ಟೆ. "ಟೀಚರಮ್ಮ, ಅದು..." ಎಂದು ಶುರುಮಾಡಿದಳು. ಕಾರಣ ಬೇಡ, ತೊಳೆದುಕೊಂಡು ಬಾ ಎಂದು ಮನೆಗೆ ಕಳಿಸಿದೆ. ಸಂಜೆಯವರೆಗೆ ಬರಲಿಲ್ಲ, ಇವತ್ತೂ ಬಂದಿಲ್ಲ. ನಾಳೆ ಬರುತ್ತಾಳೆ.

ನಿಷ್ಠುರವಿಲ್ಲದೆ ಯಾವ ಸುಧಾರಣೆಯೂ ಆಗುವುದಿಲ್ಲ ಎಂಬುದು ನಾನು ಓದಿ ಕಲಿತದ್ದು.

ಏಕಾಂತಮ್ಮ


ಹೊಳಲ್ಕೆರೆ
1-10-1974

ಏಕಾಂತಿ,

ಹಲಗೆಗೆ ಕಪ್ಪು ಬಳಿದದ್ದು ಯಾರು? ಕೇಳಿದೆಯಾ?

ಈರಕ್ಕ


ಹರಿಯಬ್ಬೆ
16-10-1974

ಅಕ್ಕ,

ನಿನ್ನ ಕಾರ್ಡನ್ನು ಶಾಲೆಯ ಜಗುಲಿಯಲ್ಲಿ ನಿಂತು ಓದಿದೆ. ಓದಿದವಳೇ ಒಳಗೆ ಹೋಗಿ ಕೇಳಿದೆ. ಎಲ್ಲ ಮಕ್ಕಳೂ ಒಟ್ಟಿಗೇ ಕೂಗಿದರು: "ತಿಪ್ಪಿ, ಟೀಚರಮ್ಮ!"

ಆಮೇಲೆ ಒಬ್ಬೊಬ್ಬರಿಂದ ಒಂದೊಂದು ಮಾತು ಬಂತು. ಶನಿವಾರ ಶಾಲೆ ಬಿಟ್ಟ ಮೇಲೆ ಮನೆಯ ಒರಳಿನಲ್ಲಿ ಜಾಲಿ ಇದ್ದಿಲು ಅರೆದಳಂತೆ. ಭಾನುವಾರ ಇಡೀ ದಿನ ಕೈಯಲ್ಲೇ ಬಳಿದು, ಒಣಗಿಸಿ, ಮತ್ತೆ ಬಳಿದಳಂತೆ. "ಟೀಚರಮ್ಮಂಗೆ ಹೇಳ್ಬ್ಯಾಡ್ರಿ, ಅವ್ರೇ ನೋಡ್ಲಿ ಅಂದಿದ್ಲು," ಎಂದರು.

ಹಲಗೆಯ ಮೇಲಿನ ಮೂಲೆಯಲ್ಲಿ ನನ್ನ ಸಾಲು ಹಾಗೇ ಇತ್ತು. ಅವಳ ಕಪ್ಪಿನ ಮೇಲೆ ನನ್ನ ಬಿಳಿ: ಉಗುರು ಶುಚಿ, ಊರು ಶುಚಿ. ಅಳಿಸಲು ಬಟ್ಟೆ ಎತ್ತಿಕೊಂಡೆ. ಕೈ ಬರಲಿಲ್ಲ. ಇನ್ನೂ ಅಲ್ಲೇ ಇದೆ.

ಅವತ್ತೇ ಹಟ್ಟಿಗೆ ಹೋದೆ. ಗುಡ್ಡಪ್ಪ ಕಂಬಳಿ ಹಾಸಿ ಕುಂತ್ಕಳ್ರಿ ಎಂದರು. ಆ ಮರ್ಯಾದೆ ನನ್ನನ್ನು ಹೆಚ್ಚು ನೋಯಿಸಿತು.

"ಒಂದು ಮಾತು ಕೇಳ್ತೀನಿ," ಎಂದರು. "ಕುರಿ ಮ್ಯಾಲಿನ ಸಿಟ್ಟು ಕೂಸಿನ ಮ್ಯಾಲೆ ತೀರಿಸ್ಕಂಡ್ರಿ, ಅಲ್ವಾ?"

"ಅಲ್ಲ ಗುಡ್ಡಪ್ಪನವರೇ. ನನಗೆ ಗೊತ್ತಿರಲಿಲ್ಲ. ತಪ್ಪಾಯಿತು."

"ಗೊತ್ತಿಲ್ಲ ಅಂದ್ರೆ ಕೇಳ್ಬೇಕಿತ್ತು. ಕುರಿ ಕುಂಟಿದ್ರೂ ನಾವು ಕಾಲೆತ್ತಿ ಮುಳ್ಳೈತಾ ಅಂತ ನೋಡ್ತೀವಿ. ಹೊಡೆಯಲ್ಲ."

ಕಂಬಳಿಯಿಂದ ಎದ್ದೆ. ತಿಪ್ಪಮ್ಮ ಕುರಿದೊಡ್ಡಿಯ ಹತ್ತಿರ ನಿಂತಿದ್ದಳು. ಹತ್ತಿರ ಹೋಗಿ "ಕೈ ತೋರಿಸಮ್ಮ" ಎಂದೆ. ಮೃದುವಾಗಿಯೇ ಹೇಳಿದೆ. ಆದರೆ ಮಾತು ಸಾಲಿನಲ್ಲಿ ಹೇಳಿದ್ದೇ ಆಗಿತ್ತು. ಅವಳು ಎರಡೂ ಕೈಯನ್ನು ಮುಷ್ಟಿ ಮಾಡಿ ಕಂಕುಳಲ್ಲಿ ಸಿಕ್ಕಿಸಿಕೊಂಡಳು. ದಾರಿಯುದ್ದಕ್ಕೂ ಯೋಚಿಸಿದೆ, ಹೀಗೆ ಕೈ ಬಚ್ಚಿಟ್ಟುಕೊಳ್ಳುವುದನ್ನು ನಾನು ಎಲ್ಲಿ ನೋಡಿದ್ದೇನೆ ಎಂದು. ಶಾಲೆ ಮುಟ್ಟುವಾಗ ನೆನಪಾಯಿತು. ಬರೆಯಲು ಧೈರ್ಯವಿಲ್ಲ.

ಕಣ್ಣೆದುರು ಎರಡನ್ನೂ ಇಟ್ಟುಕೊಂಡು ನನಗೆ ಕಾಣದ್ದು ನಿನಗೆ ಅಷ್ಟು ದೂರದಿಂದ ಹೇಗೆ ಕಂಡಿತು? ಅವಳು ಶಾಲೆಗೆ ಬರದೆ ಮೂರು ವಾರ ದಾಟಿತು. ನನ್ನ ಬಳಿ ಇರುವ ಯಾವ ಕರಪತ್ರದಲ್ಲೂ ಇದಕ್ಕೆ ದಾರಿ ಇಲ್ಲ. ನಾನೇನು ಮಾಡಲಿ?

ನೀನು ಕ್ಷೇಮವೇ?

ಏಕಾಂತಿ


ಹೊಳಲ್ಕೆರೆ
10-11-1974

ಪ್ರೀತಿಯ ಏಕಾಂತಿಗೆ,

ಈ ಕಾಗದವನ್ನು ಮೂರು ದಿನ ಬರೆದೆ. ನಿನ್ನ ಹಾಗೆ ಸಲೀಸಾಗಿ ಬರುವುದಿಲ್ಲ ನನಗೆ. ಈಗ ಸುಲಿಯುವ ಕಾಲ. ಕಾಗದದ ಅಂಚಿನಲ್ಲಿ ಕಲೆ ಇದ್ದರೆ ಅದು ಚಹಾ ಅಲ್ಲ, ನನ್ನ ಬೆರಳು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಇವಳಿಗೆ ಓದು ಹತ್ತಲಿಲ್ಲ ಅಂತ ಅವ್ವ ಎಲ್ಲರಿಗೂ ಹೇಳಿದಳು. ನೀನೂ ಹಾಗೇ ತಿಳಿದಿದ್ದೀಯ. ನಾನು ತಿದ್ದಲಿಲ್ಲ. ಓದು ಹತ್ತಿತ್ತು. ಹದಿನಾರರವರೆಗೆ ಮಗ್ಗಿ ತಪ್ಪಿಲ್ಲದೆ ಬರುತ್ತಿತ್ತು.

ಆಗ ನೀನು ತೊಟ್ಟಿಲಲ್ಲಿದ್ದೆ. ಬೆಳಿಗ್ಗೆ ಶಾಲೆಗೆ ಮುಂಚೆ ಅವ್ವನ ಜೊತೆ ಚಪ್ಪರದಲ್ಲಿ ಸುಲಿಯಲು ಕೂರುತ್ತಿದ್ದೆ. ಹಸಿ ಅಡಿಕೆಯ ಚೊಗರು ಉಗುರಿಗೆ ಹತ್ತಿದರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಸಾಲಿನಲ್ಲಿ ಮೇಷ್ಟ್ರು ನನ್ನ ಕೈ ಹಿಡಿದು ಮೇಲೆತ್ತಿ, "ನೋಡ್ರೋ, ಈಕೆ ಮಸಿ ಮಡಿಕೆ ಒಳಗಿಂದ ಬಂದವ್ಳೆ" ಅಂದರು. ಎಲ್ಲರೂ ನಕ್ಕರು. ಸಂಜೆ ಹೆಂಚಿನ ಚೂರಿನಿಂದ ಉಜ್ಜಿದೆ, ರಕ್ತ ಬರುವವರೆಗೆ. ಮರುದಿನ ಕಪ್ಪೂ ಇತ್ತು, ಗಾಯವೂ ಇತ್ತು. ತೊಳೆದಿಲ್ಲ ಅಂತ ಮತ್ತೆ ಹೊಡೆದರು. ಮೂರನೇ ದಿನ ಶಾಲೆಯ ಮೂಲೆಯವರೆಗೆ ಹೋಗಿ ತಿರುಗಿ ಬಂದೆ. ಹದಿನೇಳರ ಮಗ್ಗಿ ಅವತ್ತಿನ ಪಾಠ.

ನೀನು ಹಲಗೆ ಮಿರುಗುತ್ತಿದೆ ಅಂತ ಒಂದು ಕಡೆ ಬರೆದು, ಹುಡುಗಿಯ ಉಗುರು ಕಪ್ಪು ಅಂತ ಇನ್ನೊಂದು ಕಡೆ ಬರೆದಾಗ ನನಗೆ ಎರಡೂ ಒಂದೇ ಆಗಿ ಕಂಡಿತು. ಅದರಲ್ಲಿ ಜಾಣತನ ಏನೂ ಇಲ್ಲ.

ಯಾರಿಗೆ ತೋರಿಸೋಕೆ ಅಂತ ಯುಗಾದಿಯಲ್ಲಿ ಕೇಳಿದೆ. ಯಾರಿಗೂ ಅಲ್ಲ. ಸುಲಿಯುವ ಕಾಲ ಮುಗಿದ ಮೇಲೆ ನಾಲ್ಕು ತಿಂಗಳು ಬಸ್ಸಿನ ಕಂಬಿಯನ್ನು ಬೆರಳು ಬಿಡಿಸಿ ಹಿಡಿಯಬೇಕು ಅಂತ ಆಸೆ. ಎರಡು ಹೆಬ್ಬೆರಳು ಮಾತ್ರ ಏನು ಮಾಡಿದರೂ ಬಿಳಿ ಆಗುವುದಿಲ್ಲ. ಬಣ್ಣ ಅವೆರಡಕ್ಕೇ.

ಈಗ ನೀನು ಕೇಳಿದ್ದು. ಆ ಹುಡುಗಿಯ ಕೈ ಹಿಡಿದು ತೊಳೆಯಲು ಹೋಗಬೇಡ. ಅವಳಿಗೆ ಅದೂ ತಪಾಸಣೆಯೇ. ನಿನ್ನ ಕೈ ಕಪ್ಪು ಮಾಡಿಕೋ. ಎಲ್ಲರಿಗೂ ಕಾಣುವ ಹಾಗೆ ಕೂತು, ನಿನ್ನದನ್ನು ನೀನೇ ತೊಳೆದುಕೋ. ಇದ್ದಿಲ ಕಪ್ಪು ನೀರಿಗೆ ಬಿಡುವುದಿಲ್ಲ. ಮೊದಲು ಹರಳೆಣ್ಣೆ ಹಚ್ಚಿ ಉಗುರಿನ ಸುತ್ತ ತಿಕ್ಕು. ಆಮೇಲೆ ಬೆಚ್ಚಗಿನ ನೀರಿಗೆ ಸೀಗೆಪುಡಿ ಹಾಕಿ ಬೆರಳು ಅದ್ದಿಕೊಂಡು ಕೂರು, ಆತುರ ಮಾಡಬೇಡ. ಸಂದಿಗೆ ಬೇವಿನ ಕಡ್ಡಿಯ ತುದಿ ಜಗಿದು ಮೆತ್ತಗೆ ಮಾಡಿ ಹಾಕು, ಕಬ್ಬಿಣ ಹಾಕಬೇಡ. ಬುಡದ ಚರ್ಮ ಕತ್ತರಿಸಬೇಡ. ನೆಂದಿರುವಾಗ ಬಟ್ಟೆಯಿಂದ ಹಿಂದಕ್ಕೆ ಒತ್ತಿದರೆ ಸಾಕು. ಉಗುರನ್ನು ಬೆರಳಿನ ತುದಿಯಷ್ಟಕ್ಕೆ ದುಂಡಗೆ ತೆಗಿ. ನಿಂಬೆಹೋಳು ಕೊನೆಗೆ, ಗಾಯವಿದ್ದರೆ ಬೇಡವೇ ಬೇಡ. ಒರೆಸಿ ಮತ್ತೆ ಒಂದು ತೊಟ್ಟು ಎಣ್ಣೆ.

ಬಾಯಿ ಮುಚ್ಚಿಕೊಂಡು ಮಾಡು. ಭಾಷಣ ಬೇಡ.

ನಿನ್ನ ಅಕ್ಕ,
ಈರಕ್ಕ


ಹರಿಯಬ್ಬೆ
12-1-1975

ಅಕ್ಕ,

ಎರಡು ತಿಂಗಳು ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ. ಶೀಶೆಯ ವಿಷಯಕ್ಕೆ ಕ್ಷಮೆ ಕೇಳುವುದಿಲ್ಲ ಎಂದು ಜೂನಿನಲ್ಲಿ ಬರೆದಿದ್ದೆ. ಈಗ ಕೇಳುತ್ತಿದ್ದೇನೆ. ನನ್ನ ಅಕ್ಷರಗಳೆಲ್ಲ ಯಾವ ಕೈಯ ಕಪ್ಪಿನ ಮೇಲೆ ಬರೆದವು ಎಂದು ನನಗೆ ತಿಳಿಯಲು ಇಪ್ಪತ್ತೆರಡು ವರ್ಷ ಬೇಕಾಯಿತು.

ನೀನು ಹೇಳಿದಂತೆ ಮಾಡಿದೆ. ಇದ್ದಿಲು ಅರೆದು ಎರಡನೇ ಕೋಣೆಯ ಹಲಗೆಗೆ ನಾನೇ ಬಳಿದೆ. ಶನಿವಾರ ಮಧ್ಯಾಹ್ನ ಜಗುಲಿಯಲ್ಲಿ ಬಟ್ಟಲು ಇಟ್ಟುಕೊಂಡು ಕೂತೆ. ಮನೆಗೆ ಹೊರಟಿದ್ದ ಮಕ್ಕಳು ನಿಂತರು. ಗೋವಿಂದಯ್ಯನವರು ಇಣುಕಿ, "ಏನ್ ತಾಯಿ, ಮದುವೆ ಗೊತ್ತಾಯ್ತಾ?" ಎಂದರು. ಮಕ್ಕಳ ಜೊತೆ ನಾನೂ ನಕ್ಕೆ. ಎರಡನೇ ವಾರ ಅವರೂ ಪಕ್ಕದಲ್ಲಿ ಕೂತು ಮಸಿ ಹಿಡಿದ ಬೆರಳು ಅದ್ದಿದರು. ಮೂರನೇ ವಾರ ಜಗುಲಿಯ ತುಂಬ ಬಟ್ಟಲು. ನೀರು ಕಾಲುವೆಗೆ, ಕಾಲುವೆಯಿಂದ ಗಿಡಕ್ಕೆ. ತಿಂದುಹೋದ ಜಾಗದಲ್ಲಿ ಈಗ ಹೊಂಗೆ ಇದೆ. ಗುಡ್ಡಪ್ಪ ಹೇಳಿದ್ದು ನಿಜ, ಒಂದು ಆಡೂ ಮುಟ್ಟಿಲ್ಲ. ಸೋಮವಾರದ ಸಾಲು ಇದೆ, ಆದರೆ ಮೊದಲು ನಾನು ಕೈ ಚಾಚುತ್ತೇನೆ, ಮಕ್ಕಳು ನೋಡುತ್ತಾರೆ. ಅಡಿಪಟ್ಟಿ ಗೆರೆ ಎಳೆಯಲಿಕ್ಕೆ ಮಾತ್ರ.

ತಿಪ್ಪಮ್ಮ ಬರಲಿಲ್ಲ. ಪ್ರತಿ ಶನಿವಾರ ಕುರಿ ಹೊಡೆದುಕೊಂಡು ಕತ್ತಾಳೆಯ ಆಚೆ ನಿಲ್ಲುತ್ತಿದ್ದಳು. ಕಳೆದ ವಾರ ನಾನು ಮರೆತು ಮೊದಲೇ ನೀರಿಗೆ ಕೈ ಅದ್ದಿದೆ.

"ಎಣ್ಣೆ ಮೊದ್ಲು ಟೀಚರಮ್ಮ!" ಎಂದು ಬೇಲಿಯ ಆಚೆಯಿಂದ ಕೂಗಿದಳು.

ಮೂರು ತಿಂಗಳ ಮೇಲೆ ಅವಳ ಧ್ವನಿ. ನಾನು ಏಳಲಿಲ್ಲ, ಕರೆಯಲಿಲ್ಲ. ಎಣ್ಣೆ ಹಚ್ಚಿಕೊಂಡೆ. "ನಿಮಗ್ಯಾರು ಹೇಳ್ಕೊಟ್ರು ಇದನ್ನ?" ಎಂದಳು.

"ನಮ್ಮಕ್ಕ. ಅವಳ ಉಗುರು ಇದಕ್ಕಿಂತ ಕಪ್ಪು. ಅಡಿಕೆ ಸುಲಿಯುತ್ತಾಳೆ. ನಿನ್ನ ಹಾಗೆ ಅವಳನ್ನೂ ಸಾಲಿನಲ್ಲಿ ಹೊಡೆದಿದ್ದರು."

ಅವಳು ಬೇಲಿಗೆ ಇನ್ನಷ್ಟು ಹತ್ತಿರ ಬಂದಳು.

"ಸುಳ್ಳು," ಎಂದಳು. "ಟೀಚರಮ್ಮನ ಅಕ್ಕನ ಉಗುರು ಎಲ್ಲಾನ ಕಪ್ಪಗಿರ್ತಾವಾ?"

"ನಿಜ ತಿಪ್ಪಮ್ಮ."

"ತೋರ್ಸ್ರಿ ಮತ್ತೆ."

ಕುರಿ ಹೊಡೆದುಕೊಂಡು ಹೋದಳು. ನಿನ್ನೆ ಗುಡ್ಡಪ್ಪ ದಾರಿಯಲ್ಲಿ ಸಿಕ್ಕರು. ಇಪ್ಪತ್ತಾರನೇ ತಾರೀಖು ಭಾನುವಾರ ಅವರ ಹಿಂಡು ಮೇವು ಹುಡುಕಿಕೊಂಡು ಹೊಳೆಯ ಕಡೆ ಹೊರಡುತ್ತದೆ, ಮಳೆಗಾಲಕ್ಕೇ ವಾಪಸು. "ಕೂಸು ಒಪ್ಪಿದ್ರೆ ಅಜ್ಜಿ ಹತ್ರ ಬಿಟ್ಟು ಹೋಗ್ತೀನಿ, ಶಾಲೆಗೆ ಬರ್ತಾಳೆ," ಎಂದರು. "ಒಲ್ಲೆ ಅಂದ್ರೆ ಕರ್ಕೊಂಡ್ ಹೋಗ್ತೀನಿ. ಅವ್ಳಿಗೆ ಬಲವಂತ ಮಾಡಾಕಿಲ್ಲ. ಒಂದು ಸಲ ಆಗೈತಲ್ಲ, ಸಾಕು."

ಹೋದರೆ ಅವಳು ಮತ್ತೆ ಹಲಗೆಯ ಮುಂದೆ ಕೂರುವುದಿಲ್ಲ ಎಂದು ನನಗೆ ಗೊತ್ತು, ನಿನಗೆ ಇನ್ನೂ ಚೆನ್ನಾಗಿ ಗೊತ್ತು.

ನಿನ್ನನ್ನು ನಾನು ಕರೆಯಲಾರೆ. ನೀನು ಜನ್ಮವಿಡೀ ಸೆರಗಿನೊಳಗೆ ಇಟ್ಟುಕೊಂಡದ್ದನ್ನು ಎಪ್ಪತ್ತು ಮಕ್ಕಳ ಮುಂದೆ ತೆರೆದು ತೋರಿಸು ಎಂದು ಕೇಳುವ ಹಕ್ಕು ನನಗಿಲ್ಲ. ಅವಳು ಹೇಳಿದ್ದನ್ನು ಬರೆದಿದ್ದೇನೆ, ಅಷ್ಟೆ.

ಏಕಾಂತಿ


ಹೊಳಲ್ಕೆರೆ
19-1-1975

ಏಕಾಂತಿಗೆ ಆಶೀರ್ವಾದ.

ಎರಡು ದಿನ ಸುಲಿಯಲು ಬರುವುದಿಲ್ಲ ಅಂತ ಚಪ್ಪರದಲ್ಲಿ ಹೇಳಿದ್ದೇನೆ. ಶುಕ್ರವಾರ ಬೆಳಿಗ್ಗೆ ದುರ್ಗದ ಬಸ್ಸು ಹತ್ತುತ್ತೇನೆ, ಅಲ್ಲಿಂದ ಹಿರಿಯೂರು. ಸಂಜೆಯೊಳಗೆ ನಿನ್ನಲ್ಲಿಗೆ ಮುಟ್ಟಬಹುದು.

ಆ ಹುಡುಗಿಗೆ ಹೇಳಿ ಕಳಿಸು. ಶನಿವಾರ ಪ್ರಾರ್ಥನೆಗೆ ನಾನು ನಾಲ್ಕನೇ ಕ್ಲಾಸಿನ ಸಾಲಿನಲ್ಲಿ ನಿಲ್ಲುತ್ತೇನೆ, ಪಕ್ಕದಲ್ಲಿ ಅವಳಿಗೆ ಜಾಗ ಇಟ್ಟಿರುತ್ತೇನೆ.

ನಿಂಬೆಹಣ್ಣು ಮುಟ್ಟಿಲ್ಲ. ಕೈ ಹೇಗಿದೆಯೋ ಹಾಗೇ ತರುತ್ತಿದ್ದೇನೆ.

ಈರಕ್ಕ